ನಲವತ್ತರ ಪಕ್ಕದ ಹಳ್ಳ

ನೋವನ್ನು ಅಳೆಯುವ ಪಟ್ಟಿ ಬಂದ ಮೊದಲ ವರ್ಷ ಹುಬ್ಬಳ್ಳಿಯ ಮನೆಗಳಲ್ಲಿ ಜಗಳ ಹೆಚ್ಚಾಯಿತು. ಎರಡು ಬೆರಳಗಲದ ಆ ಪಟ್ಟಿಯನ್ನು ಮಣಿಕಟ್ಟಿಗೆ ಸುತ್ತಿ, ಜೊತೆಗಿದ್ದ ಸಣ್ಣ ಬಿಲ್ಲೆಯನ್ನು ಕಿವಿಯ ಹಿಂದೆ ಅಂಟಿಸಿದರೆ ಸಾಕು. ನರಗಳಲ್ಲಿ ಹರಿಯುವ ಸಂಕೇತವನ್ನೂ ಅದಕ್ಕೆ ಮಿದುಳು ಕೊಡುವ ಉತ್ತರವನ್ನೂ ಓದಿ, ಸೊನ್ನೆಯಿಂದ ನೂರರೊಳಗೆ ಒಂದು ಅಂಕಿ ಹೇಳುತ್ತಿತ್ತು. ಸೊಳ್ಳೆ ಕಚ್ಚಿದರೆ ಎರಡು. ಹೆರಿಗೆಯಾದರೆ ಎಂಬತ್ತರ ಮೇಲೆ. ಅಂಕಿ ನೇರವಾಗಿ ಆರೋಗ್ಯ ಕಾರ್ಡಿಗೆ ಹೋಗುತ್ತಿದ್ದುದರಿಂದ ಮನೆಯವರೆಲ್ಲ ಅದನ್ನು ನೋಡುತ್ತಿದ್ದರು. ಬೆನ್ನುನೋವೆಂದು ಹತ್ತು ವರ್ಷ ಮಂಚ ಬಿಟ್ಟೇಳದ ಒಬ್ಬ ಮಾವನಿಗೆ ಆರು ಬಂತು. ಸೊಂಟ ಹಿಡಿದುಕೊಂಡೇ ಅವನಿಗೆ ರೊಟ್ಟಿ ಬಡಿದು ಹಾಕುತ್ತಿದ್ದ ಸೊಸೆಗೆ ಐವತ್ತೆಂಟು ಬಂತು. ಇಂಥ ಮನೆಗಳಲ್ಲಿ ಕೆಲವು ದಿನ ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಆಮೇಲೆ ಜನ ಹೊಂದಿಕೊಂಡರು. ನೋವಿನ ಬಗ್ಗೆ ಮಾತಾಡುವ ರೀತಿಯೇ ಬದಲಾಯಿತು. 'ಹೆಂಗದೀರಿ' ಎಂದು ಕೇಳುತ್ತಿದ್ದವರು 'ಎಷ್ಟೈತಿ' ಎಂದು ಕೇಳತೊಡಗಿದರು. ಗೋಕುಲ ರಸ್ತೆಯ ಆಚೆ ನೋವು ಕೇಂದ್ರ ಎಂಬ ಐದು ಮಹಡಿಯ ಆಸ್ಪತ್ರೆ ಎದ್ದಿತು. ನಲವತ್ತು ಅಥವಾ ಅದಕ್ಕಿಂತ ಹೆಚ್ಚು ಬಂದವರಿಗೆ ಅಂದೇ ಹಾಸಿಗೆ, ಅಂದೇ ತಜ್ಞರು. ನಲವತ್ತರ ಕೆಳಗಿನವರಿಗೆ ಗುಳಿಗೆ ಮತ್ತು ಮುಂದಿನ ತಾರೀಖು. ಶಿಫಾರಸು, ಪರಿಚಯ, ಅಳು, ಯಾವುದೂ ನಡೆಯುತ್ತಿರಲಿಲ್ಲ. ಅದಕ್ಕೇ ಜನ ಅದನ್ನು ನಂಬಿದರು.

ವೈಶಾಲಿ ಸವಣೂರ ಅದನ್ನು ಎಲ್ಲರಿಗಿಂತ ಹೆಚ್ಚು ನಂಬಿದ್ದಳು. ಸಂಖ್ಯಾಶಾಸ್ತ್ರ ಓದಿದ ಅವಳು ಕೇಂದ್ರದ ನಿಯಂತ್ರಣ ಕೊಠಡಿಯಲ್ಲಿದ್ದಳು. ಧಾರವಾಡ, ಗದಗ, ಹಾವೇರಿ ಕಡೆಯಿಂದ ಬಂದು ಅಳೆಸಿಕೊಂಡವರ ಅಂಕಿಗಳೆಲ್ಲ ಅವಳ ಪರದೆಗೆ ಬರುತ್ತಿದ್ದವು. ಅವುಗಳಿಂದ ಚಿತ್ರ ಬರೆದು ಪ್ರತಿ ತಿಂಗಳು ನಿರ್ದೇಶಕರಿಗೆ ಕೊಡುವುದು ಅವಳ ಕೆಲಸ.

ಆ ಶ್ರಾವಣದಲ್ಲಿ ಅವಳ ಅತ್ತೆ ಗುರುಸಿದ್ಧವ್ವನಿಗೆ ಹೊಟ್ಟೆಯ ಎಡಬದಿಯಲ್ಲಿ ನೋವು ಶುರುವಾಯಿತು. ಸ್ಕ್ಯಾನ್ ಮಾಡಿಸಿದರೆ ಕಿಡ್ನಿಯಲ್ಲಿ ಹರಳು. ಗುರುಸಿದ್ಧವ್ವ ರೈಲ್ವೆ ಶಾಲೆಯಲ್ಲಿ ಆಟದ ಟೀಚರಾಗಿದ್ದವರು, ಸುಮ್ಮಸುಮ್ಮನೆ ನರಳುವವರಲ್ಲ. ಮಗ ಪ್ರಭು ಅವರನ್ನು ಕೇಂದ್ರಕ್ಕೆ ಕರೆದುಕೊಂಡು ಹೋಗಿ ಬಂದ ಸಂಜೆ ವೈಶಾಲಿ ಕಾರ್ಡು ತೆರೆದು ನೋಡಿದಳು. ಮೂವತ್ತೆಂಟು.

"ಅತ್ತಿ, ಮೂವತ್ತೆಂಟಂದ್ರ ಸ್ವಲ್ಪ ಕಾಯಬಹುದ್ರಿ. ಇಪ್ಪತ್ತನೇ ತಾರೀಖಿಗೆ ಕರದಾರ. ಗುಳಿಗಿ ತಪ್ಪಿಸಬ್ಯಾಡ್ರಿ" ಎಂದಳು.

ಗುರುಸಿದ್ಧವ್ವ ಗೋಡೆಗೆ ಒರಗಿ ಕೂತಿದ್ದರು. "ನನ್ನ ನೋವು ನಿನಗ ಗೊತ್ತಾಗೂದು ಬ್ಯಾಡೇನು? ನಾ ಹೇಳಿದ್ದು ಕೇಳಂಗಿಲ್ಲ, ಆ ಪಟ್ಟಿ ಹೇಳಿದ್ದು ಕೇಳ್ತೀ."

"ಪಟ್ಟಿ ಯಾರ ಪರನೂ ಇರಂಗಿಲ್ರಿ ಅತ್ತಿ. ಅದು ಸುಳ್ಳು ಹೇಳಂಗಿಲ್ಲ."

"ಹಂಗಾರ ಸುಳ್ಳು ನಾ ಹೇಳ್ತೀನೇನು?"

ಪ್ರಭು ನಡುವೆ ಬಂದು ಮಾತು ತಿರುಗಿಸಲು ನೋಡಿದ. ಗುರುಸಿದ್ಧವ್ವ ಅವನನ್ನು ಸುಮ್ಮನಿರಿಸಿ ಸೊಸೆಯ ಕಡೆಗೇ ತಿರುಗಿದರು.

"ಮೊದಲನೇ ಸಲ ಕಟ್ಟಿದಾಗ ಜೀವ ಹೋಗುವಂಗ ಆಗಿತ್ತು. ಅರ್ಧ ತಾಸು ಬೆಂಚಿನ ಮ್ಯಾಲೆ ಕೂಡ್ಸಿ, ಮತ್ತ ಒಳಗ ಕರದು ಕಟ್ಟಿದ್ರು. ಅಷ್ಟೊತ್ತಿಗೆ ಇಳದಿತ್ತು. ಈ ನೋವು ಹಂಗ ಐತಿ, ತೆರಿ ಬಂದಂಗ ಬರ್ತೈತಿ, ಹೋಗ್ತೈತಿ. ಇಳದಾಗ ಕಟ್ಟಿ ನೋಡಿ ಏನಿಲ್ಲ ಅಂದ್ರ?"

"ಎರಡು ಸಲ ಯಾಕ ಕಟ್ಟಿದ್ರು?"

"ನನಗೇನು ಗೊತ್ತು? ನಿನ್ನ ಆಸ್ಪತ್ರಿ."

ಮರುದಿನ ಬೆಳಿಗ್ಗೆ ವೈಶಾಲಿ ಕೆಲಸಕ್ಕೆ ಹೋದವಳೇ ಹಿಂದಿನ ತಿಂಗಳ ವರದಿ ತೆರೆದಳು. ಅವಳೇ ಮಾಡಿದ್ದ ವರದಿ. ಅದರಲ್ಲಿ ಎರಡು ಸಂಗತಿಗಳಿದ್ದವು. ಒಂದು ಸರಾಸರಿ. ಇನ್ನೊಂದು ಬಾಕ್ಸ್ ಪ್ಲಾಟ್ ಎಂಬ ಪೆಟ್ಟಿಗೆ ಚಿತ್ರ. ಬಂದವರನ್ನೆಲ್ಲ ಕಡಿಮೆ ನೋವಿನಿಂದ ಹೆಚ್ಚು ನೋವಿನವರೆಗೆ ಸಾಲಾಗಿ ನಿಲ್ಲಿಸಿ ನಾಲ್ಕು ಸಮಪಾಲು ಮಾಡಿದರೆ, ನಡುವಿನ ಎರಡು ಪಾಲಿನವರು ಪೆಟ್ಟಿಗೆಯೊಳಗೆ ಬರುತ್ತಾರೆ. ಸಾಲಿನ ನಟ್ಟನಡುವೆ ನಿಂತವರ ಅಂಕಿಗೆ ಪೆಟ್ಟಿಗೆಯೊಳಗೆ ಒಂದು ಗೆರೆ. ಉಳಿದ ಎರಡು ಪಾಲಿನವರಿಗೆ ಅತ್ತಿತ್ತ ಚಾಚಿದ ಎರಡು ಮೀಸೆ. ಅವಳ ಪೆಟ್ಟಿಗೆ ಇಪ್ಪತ್ತೆರಡರಿಂದ ನಲವತ್ತೇಳರವರೆಗೆ ಇತ್ತು. ಗೆರೆ ಮೂವತ್ತಮೂರರ ಮೇಲೆ. ಅದಕ್ಕೂ ಹಿಂದಿನ ತಿಂಗಳು ಹೆಚ್ಚುಕಡಿಮೆ ಹಾಗೇ, ಹಿಂದಿನ ವರ್ಷವೂ ಹಾಗೇ. ಅಚ್ಚುಕಟ್ಟಾದ ಆ ಚಿತ್ರದಲ್ಲಿ ಕೇಳುವಂಥದ್ದೇನೂ ಇರಲಿಲ್ಲ.

ಅವಳು ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟಳು. ಹಿಂದಿನ ದಿನದವರೆಗಿನ ಒಂದು ತಿಂಗಳ ಅಂಕಿಗಳನ್ನು ತೆಗೆದು, ಕಾಲೇಜಿನ ಮೊದಲ ವಾರದಲ್ಲಿ ಕಲಿಸುವ ಚುಕ್ಕಿ ಚಿತ್ರವನ್ನು ಬರೆಯಲು ಯಂತ್ರಕ್ಕೆ ಹೇಳಿದಳು. ಕೆಳಗೆ ಸೊನ್ನೆಯಿಂದ ನೂರರವರೆಗಿನ ಗೆರೆ. ಒಬ್ಬರಿಗೆ ಒಂದು ಚುಕ್ಕಿ. ಒಂದೇ ಅಂಕಿ ಬಂದವರ ಚುಕ್ಕಿಗಳು ಒಂದರ ಮೇಲೊಂದು.

ಮೂರು ಸಾವಿರಕ್ಕೂ ಹೆಚ್ಚು ಚುಕ್ಕಿಗಳು ಪರದೆಯ ಮೇಲೆ ಬಂದು ಕೂತವು. ಎಡಗಡೆಯಿಂದ ಏರುತ್ತ ಇಪ್ಪತ್ತೆಂಟರ ಹತ್ತಿರ ದಿಬ್ಬವಾಗಿ, ಅಲ್ಲಿಂದ ನಿಧಾನಕ್ಕೆ ಇಳಿಯುತ್ತಿದ್ದವು. ಮೂವತ್ತಾರರ ಹತ್ತಿರ ಇಳಿಜಾರು ತಟ್ಟನೆ ಮೇಲೆದ್ದಿತ್ತು. ಮೂವತ್ತಾರು, ಮೂವತ್ತೇಳು, ಮೂವತ್ತೆಂಟು, ಮೂವತ್ತೊಂಬತ್ತು, ಈ ನಾಲ್ಕು ಅಂಕಿಗಳ ಮೇಲೆ ಗೋಡೆ ಕಟ್ಟಿದಂತೆ ಚುಕ್ಕಿಗಳ ರಾಶಿ. ಅದರ ಪಕ್ಕದಲ್ಲೇ ಹಳ್ಳ. ನಲವತ್ತರಿಂದ ನಲವತ್ತನಾಲ್ಕರವರೆಗೆ ಬೆರಳೆಣಿಕೆಯಷ್ಟು ಚುಕ್ಕಿಗಳು. ನಲವತ್ತೈದರಿಂದ ಇಳಿಜಾರು ಮತ್ತೆ ಏನೂ ಆಗಿಲ್ಲವೆಂಬಂತೆ ಮುಂದುವರಿದಿತ್ತು.

ವೈಶಾಲಿ ಹಳ್ಳದಲ್ಲಿದ್ದ ಚುಕ್ಕಿಗಳನ್ನು ಎಣಿಸಿದಳು. ಜನರ ನೋವಿಗೆ ನಲವತ್ತು ಎಂಬ ಗೆರೆ ಗೊತ್ತಿರುವುದಿಲ್ಲ. ಹರಳಿಗೂ ಮುರಿದ ಮೂಳೆಗೂ ಆ ಗೆರೆ ಗೊತ್ತಿರುವುದಿಲ್ಲ. ಅದು ಗೊತ್ತಿದ್ದುದು ಕೇಂದ್ರಕ್ಕೆ ಮಾತ್ರ. ತನ್ನ ಪೆಟ್ಟಿಗೆ ಇದನ್ನು ಯಾಕೆ ತೋರಿಸಲಿಲ್ಲವೆಂಬುದೂ ಅವಳಿಗೆ ತಿಳಿಯಿತು. ನಲವತ್ಮೂರರ ಒಬ್ಬರನ್ನು ಮೂವತ್ತೆಂಟಕ್ಕೆ ಸರಿಸಿದರೂ ಅವರು ಪೆಟ್ಟಿಗೆಯ ಅದೇ ಪಾಲಿನೊಳಗೇ ಉಳಿಯುತ್ತಾರೆ. ಪೆಟ್ಟಿಗೆಯ ಅಂಚು ಅಲುಗುವುದಿಲ್ಲ, ಒಳಗಿನ ಗೆರೆ ಅಲುಗುವುದಿಲ್ಲ, ಸರಾಸರಿಯೂ ಕೂದಲೆಳೆಯಷ್ಟು ಮಾತ್ರ ಸರಿಯುತ್ತದೆ.

ಅವಳು ನೆಲಮಹಡಿಯ ಅಳತೆ ಕೊಠಡಿಗೆ ಇಳಿದು ಹೋದಳು. ಪಟ್ಟಿ ಕಟ್ಟುವ ತಂತ್ರಜ್ಞೆ ಮೆಹರುನ್ನೀಸಾ ಅವಳ ಪರಿಚಯದವಳೇ.

"ಒಬ್ಬೊಬ್ಬರಿಗೆ ಎರಡೆರಡು ಸಲ ಕಟ್ತೀರೇನು?"

"ಎಲ್ಲಾರಿಗೂ ಇಲ್ರಿ ಮೇಡಂ. ನಲವತ್ತರಿಂದ ನಲವತ್ತನಾಲ್ಕರ ನಡುವ ಬಂದ್ರ ಯಂತ್ರನ ಹೇಳ್ತೈತಿ, ಅರ್ಧ ತಾಸು ಬಿಟ್ಟು ಮತ್ತ ಅಳೀರಿ ಅಂತ. ಎರಡರಾಗ ಯಾವುದು ಕಡಿಮಿ ಐತಿ ಅದನ್ನ ಕಾರ್ಡಿಗೆ ಹಾಕ್ತೈತಿ."

"ಮೂವತ್ತೊಂಬತ್ತು ಬಂದಾವ್ರಿಗೆ?"

"ಅವ್ರಿಗೆ ಒಂದೇ ಸಲ. ಅವ್ರನ್ನ ಮತ್ತ ಅಳಿಯಾಕ ಹೇಳಂಗಿಲ್ಲ."

ವೈಶಾಲಿ ಒಂದು ಗಂಟೆ ಅಲ್ಲೇ ನಿಂತು ನೋಡಿದಳು. ಕಲಘಟಗಿಯಿಂದ ಬಂದ ಒಬ್ಬ ಲಾರಿ ಡ್ರೈವರ್ ಹೊಟ್ಟೆ ಹಿಡಿದುಕೊಂಡು ಬಾಗಿಯೇ ಒಳಗೆ ಬಂದ. ನಲವತ್ತೆರಡು. ಬೆಂಚಿನ ಮೇಲೆ ಕೂರಿಸಿದರು. ಕೂತು ಕೂತು ಮುಖದ ಬಿಗಿ ಸಡಿಲಾಯಿತು, ಬೆವರು ಆರಿತು. ಮತ್ತೆ ಕರೆದು ಕಟ್ಟಿದರು. ಮೂವತ್ತಾರು. ಗುಳಿಗೆಯ ಚೀಟಿ ಹಿಡಿದು ಅವನು ಗೇಟಿನವರೆಗೆ ಹೋಗುವಷ್ಟರಲ್ಲಿ ಮತ್ತೆ ಗೋಡೆ ಹಿಡಿದು ನಿಂತದ್ದನ್ನು ಅವಳು ಕಿಟಕಿಯಿಂದ ನೋಡಿದಳು.

ಮೇಲೆ ಬಂದು ಯಂತ್ರದ ಸಂಗ್ರಹ ತೆರೆದಳು. ಎರಡನೆಯ ಅಳತೆ ಕಾರ್ಡಿಗೆ ಹೋದರೂ ಮೊದಲನೆಯದನ್ನು ಯಂತ್ರ ಅಳಿಸಿರಲಿಲ್ಲ. ಯಾರೂ ಕೇಳದ ಕಾರಣ ಅದು ಅಲ್ಲೇ ಬಿದ್ದಿತ್ತು. ಮೊದಲ ಅಳತೆಗಳನ್ನು ಮಾತ್ರ ತೆಗೆದು, ಅದೇ ಗೆರೆಯ ಮೇಲೆ, ಅದೇ ಅಳತೆಯಲ್ಲಿ ಇನ್ನೊಂದು ಚಿತ್ರ ಬರೆದಳು. ರಾಶಿಯೂ ಇಲ್ಲ, ಹಳ್ಳವೂ ಇಲ್ಲ. ಇಪ್ಪತ್ತೆಂಟರಿಂದ ಕೊನೆಯವರೆಗೆ ಒಂದೇ ಸಮನಾದ ಇಳಿಜಾರು. ಹಳ್ಳದಿಂದ ಸರಿದವರ ಕಾಯಿಲೆಗಳನ್ನು ಹುಡುಕಿದಳು. ಮೂಳೆ ಮುರಿದವರು, ಸುಟ್ಟವರು ಅದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಕಿಡ್ನಿ ಹರಳು, ಪಿತ್ತಕೋಶದ ಹರಳು, ಕರುಳಿನ ಸಂಕಟ, ಮುಟ್ಟಿನ ನೋವು, ಇವೇ ತುಂಬಿದ್ದವು. ಏರಿ ಇಳಿಯುವ ನೋವುಗಳೆಲ್ಲ ಇಳಿದ ಹೊತ್ತಿನಲ್ಲಿ ಅಳತೆಗೆ ಸಿಕ್ಕಿದ್ದವು.

ಗುರುಸಿದ್ಧವ್ವನ ಮೊದಲ ಅಳತೆ ನಲವತ್ಮೂರು.

ಅಂದು ಸಂಜೆ ಮನೆಗೆ ಬಂದು ಅವಳು ಅತ್ತೆಯ ಪಕ್ಕದಲ್ಲಿ ಕೂತಳು. "ನೀವು ಹೇಳಿದ್ದು ಖರೇ ಐತ್ರಿ ಅತ್ತಿ. ನಾ ನಿಮ್ಮ ಮಾತು ಕೇಳಬೇಕಾಗಿತ್ತು."

"ಈಗರ ಕೇಳಿದೆಲ್ಲಾ" ಎಂದರು ಗುರುಸಿದ್ಧವ್ವ. ಅಂದು ನೋವು ಮೂರು ಸಲ ಬಂದು ಹೋಗಿತ್ತು, ಮಾತಾಡಲು ಅವರಿಗೆ ತ್ರಾಣವಿರಲಿಲ್ಲ.

ವಿಷಯವೆಲ್ಲ ಕೇಳಿದ ಪ್ರಭು, "ಹಂಗಾರ ದಾರಿ ಸಿಕ್ತಲ್ಲ. ಮಧ್ಯಾಹ್ನದ ಮ್ಯಾಲೆ ನೋವು ಒಂದು ತಾಸು ಬಿಡಂಗಿಲ್ಲ. ಆ ಹೊತ್ತಿಗೆ ಕರಕೊಂಡು ಹೋದ್ರ ಎರಡು ಸಲಾನೂ ನಲವತ್ತು ದಾಟ್ತೈತಿ. ನಾಳೆನ ಹೋಗೂಣು" ಎಂದ.

ವೈಶಾಲಿ ಅದನ್ನು ಯೋಚಿಸಿರಲಿಲ್ಲವೆಂದಲ್ಲ. "ಹೋಗ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಬೆಳಿಗ್ಗೆ ನಾ ಮೊದಲ ಇನಾಮದಾರ ಸರ್ ಹತ್ರ ಹೋಗ್ತೀನಿ. ನಮ್ಮಂಥಾವ್ರು ಈ ಒಂದು ತಿಂಗಳದಾಗ ಇನ್ನೂರರ ಹತ್ರ ಅದಾರ. ಅವ್ರ ಮನ್ಯಾಗ ಇದನ್ನ ಹೇಳಾವ್ರು ಯಾರೂ ಇಲ್ಲ" ಎಂದಳು.

ಡಾ. ವಾಮನ ಇನಾಮದಾರ ಕೇಂದ್ರದ ನಿರ್ದೇಶಕರು. ಅರವಳಿಕೆ ತಜ್ಞರಾಗಿ ಹೆಸರು ಮಾಡಿದವರು. ಎರಡನೆಯ ಅಳತೆಯ ನಿಯಮ ಬರೆದವರೂ ಅವರೇ. ವೈಶಾಲಿ ಎರಡೂ ಚುಕ್ಕಿ ಚಿತ್ರಗಳನ್ನು ಅವರ ಗೋಡೆಯ ಪರದೆಯ ಮೇಲೆ ಒಂದರ ಕೆಳಗೊಂದು ಹಾಕಿದಳು. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಪಟ್ಟಿಯ ಅಳತೆಯೊಳಗ ನಾಲ್ಕು ಅಂಕಿ ಆಕಡೆ ಈಕಡೆ ತಪ್ಪು ಇರ್ತದ. ಅದಕ್ಕ ಗೆರೆ ಹತ್ರ ಬಂದವರನ್ನ ಮತ್ತೊಮ್ಮೆ ನೋಡ್ರಿ ಅಂತ ಹೇಳೇನಿ. ಇದರಾಗ ಅನ್ಯಾಯ ಏನದ?"

"ತಪ್ಪು ಎರಡೂ ಕಡೆ ಇರ್ತೈತ್ರಿ ಸರ್. ಮೂವತ್ತೊಂಬತ್ತರಾವ್ರದು ನಲವತ್ಮೂರು ಇರಬಹುದು. ಅವ್ರನ್ನ ನಾವು ಮತ್ತ ಅಳಿಯಂಗಿಲ್ಲ. ಮ್ಯಾಲಿನಾವ್ರನ್ನ ಅಷ್ಟ ಅಳೀತೀವಿ, ಅಳದು ಕಡಿಮಿದ್ದು ಇಟ್ಕೋತೀವಿ. ಎಲ್ಲಾರೂ ಒಂದೇ ಕಡೆ ಜಾರಾಕತ್ತಾರ."

ಇನಾಮದಾರರು ಎದ್ದು ಪರದೆಯ ಹತ್ತಿರ ಹೋದರು. "ಚಿತ್ರ ಅಂದ್ರ ಹೆಂಗ ಬೇಕಾದ್ರೂ ಬರೀಬಹುದು. ಇದನ್ನ ಹಿಸ್ಟೋಗ್ರಾಂ ಮಾಡು. ಕಂಬದ ಅಗಲ ಬದಲಾಯಿಸಿದ್ರ ಆಕಾರ ಬದಲಾಗ್ತದ, ನನಗೂ ಗೊತ್ತದ. ನಿನಗ ಬೇಕಾದಂಗ ಕತ್ತರಿಸಿಲ್ಲ ಅಂತ ನಾ ಹೆಂಗ ನಂಬಲಿ?"

ಅವಳು ಈ ಪ್ರಶ್ನೆಗೆ ಸಿದ್ಧಳಾಗೇ ಬಂದಿದ್ದಳು. ಇಷ್ಟಿಷ್ಟು ಅಂಕಿಗಳ ಚುಕ್ಕಿಗಳನ್ನು ಒಂದೊಂದು ಕಂಬವಾಗಿ ಕಟ್ಟಿ, ಪರದೆಯ ಹಿಡಿತವನ್ನು ಅವರ ಕೈಗೇ ಕೊಟ್ಟಳು. "ನೀವ ಕತ್ತರಿಸ್ರಿ ಸರ್."

ಇನಾಮದಾರರು ಕಂಬವೊಂದಕ್ಕೆ ಇಪ್ಪತ್ತು ಅಂಕಿಯ ಅಗಲ ಕೊಟ್ಟರು. ಐದೇ ಕಂಬಗಳು ನಿಂತವು, ಇಪ್ಪತ್ತರಿಂದ ನಲವತ್ತರವರೆಗಿನದು ಎತ್ತರ, ಉಳಿದವು ಕ್ರಮವಾಗಿ ಗಿಡ್ಡ. ಹಳ್ಳ ಕಾಣಲಿಲ್ಲ. ಅವರು ಅವಳ ಕಡೆ ನೋಡಿದರು. ಇನ್ನೂ ಸಣ್ಣದು ಮಾಡಿ ನೋಡಲು ಅವಳು ಕೈ ತೋರಿಸಿದಳು. ಹತ್ತು ಮಾಡಿದರು. ನಲವತ್ತರ ನಂತರದ ಕಂಬ ಗಿಡ್ಡವಾಯಿತು. ಐದು ಮಾಡಿದರು. ಕಂಬಗಳ ನಡುವೆ ಹಲ್ಲು ಕಿತ್ತ ಜಾಗದಂತೆ ಒಂದು ತೆರವು ಬಿತ್ತು. ಕಂಬಗಳ ಆರಂಭವನ್ನು ಸೊನ್ನೆಯಿಂದ ಎರಡಕ್ಕೆ ಸರಿಸಿದರು, ತೆರವು ತುಸು ತುಂಬಿಕೊಂಡರೂ ಹೋಗಲಿಲ್ಲ. ಮೂರು ಮಾಡಿದರು, ಎರಡು ಮಾಡಿದರು. ಅಲ್ಲಿಂದ ಮುಂದೆ ಅವರು ಹೇಗೆ ಕತ್ತರಿಸಿದರೂ ಗೋಡೆ ಮತ್ತು ಹಳ್ಳ ಅಲ್ಲೇ ಇದ್ದವು.

"ಮೊದಲನೇ ಅಳತಿದು ಕೊಡು" ಎಂದರು. ಅದನ್ನೂ ಹಾಗೇ ಎಲ್ಲ ಅಗಲಗಳಲ್ಲಿ ಕತ್ತರಿಸಿ ನೋಡಿದರು. ಎಲ್ಲೂ ಹಳ್ಳ ಬೀಳಲಿಲ್ಲ.

ಅವರು ಬಂದು ಕುರ್ಚಿಯಲ್ಲಿ ಕೂತರು. "ಕೇಂದ್ರ ಶುರು ಆದ ವರ್ಷ ಗಾರೆ ಕೆಲಸದವನೊಬ್ಬ ಮೂರನೇ ಮಹಡಿಯಿಂದ ಬಿದ್ದು ಬಂದಿದ್ದ. ಎಂಬತ್ತಾರು. ಹಾಸಿಗೆ ಇರಲಿಲ್ಲ. ನಲವತ್ತು, ನಲವತ್ತೊಂದು ಬಂದವರು ಎಲ್ಲಾ ಹಾಸಿಗೆ ಹಿಡಕೊಂಡಿದ್ರು. ಬಾಗಿಲೊಳಗ, ನನ್ನ ಕೈ ಹಿಡಕೊಂಡ ಜೀವ ಬಿಟ್ಟ ಅವ. ಆಮ್ಯಾಲೆ ಈ ನಿಯಮ ಬರದೆ. ಈಗ ಇದನ್ನ ತಗದ್ರ ಮತ್ತ ಹಾಸಿಗೆ ತುಂಬತಾವ. ಅವಾಗ ಅಂಥಾವ ಬಂದ್ರ ಏನು ಮಾಡ್ಲಿ?"

ವೈಶಾಲಿಗೆ ಇದು ಗೊತ್ತಿರಲಿಲ್ಲ. ಆದರೂ ಹೇಳಿದಳು.

"ಹಾಸಿಗಿ ಕಡಿಮಿ ಇದ್ರ ಕಡಿಮಿ ಅದಾವ ಅಂತ ಹೇಳೂಣ್ರಿ ಸರ್. ನೋವು ಕಡಿಮಿ ಐತಿ ಅಂತ ಹೇಳೂದು ಬ್ಯಾಡ. ನಮ್ಮ ವರದಿ ನೋಡಿ ಬೆಂಗಳೂರಾಗಿನ ಮ್ಯಾಲಿನಾವ್ರು ಏನು ತಿಳಕೊಂಡಾರ? ಹುಬ್ಬಳ್ಳ್ಯಾಗ ಹಾಸಿಗಿ ಸಾಕಷ್ಟು ಅದಾವ ಅಂತ. ಹಾಸಿಗಿ ಕೇಳಾಕ ನಮ್ಮ ಕೈಯಾಗ ಇದ್ದ ಒಂದ ಆಧಾರನ ನಾವ ಅಳಿಸಿ ಹಾಕೇವಿ."

"ಮಾಸಾಂತ್ಯದ ಸಭೆಯೊಳಗ ಇಡೋಣ."

"ಇವತ್ತ ಆಗಬೇಕ್ರಿ. ಹಿಂಗ ಕೆಳಗ ಜಾರಿದಾವ್ರೊಳಗ ಇಬ್ಬರು ಜ್ವರ ಬಂದು ಬ್ಯಾರೆ ಆಸ್ಪತ್ರಿ ಐಸಿಯು ಸೇರ್ಯಾರ. ನಿನ್ನೆ ಅವ್ರ ಕಾರ್ಡು ನೋಡೇನಿ. ನಮ್ಮತ್ತಿನೂ ಇದರಾಗ ಅದಾರ, ಅದನ್ನ ನಿಮ್ಮ ಮುಂದ ಮುಚ್ಚಿಡಂಗಿಲ್ಲ. ಅವ್ರನ್ನ ಚಿತ್ರದಿಂದ ತಗದು ನೋಡ್ರಿ ಬೇಕಾದ್ರ. ಹಳ್ಳ ಅಷ್ಟ ಇರ್ತೈತಿ."

ಇನಾಮದಾರರು ಮೇಲಿನ ಚಿತ್ರವನ್ನೂ ಕೆಳಗಿನ ಚಿತ್ರವನ್ನೂ ಇನ್ನೊಮ್ಮೆ ನೋಡಿದರು. ಆಮೇಲೆ ಫೋನ್ ಎತ್ತಿ ಅಳತೆ ಕೊಠಡಿಗೆ ಹೇಳಿದರು. ಇನ್ನು ಮೇಲೆ ಗೆರೆಯ ಎರಡೂ ಕಡೆ ನಾಲ್ಕು ಅಂಕಿಯೊಳಗೆ ಬಂದವರನ್ನೆಲ್ಲ ಮತ್ತೆ ಅಳೆಯಬೇಕು, ಬಂದ ಅಂಕಿಗಳಲ್ಲಿ ಹೆಚ್ಚಿನದನ್ನು ಹಿಡಿಯಬೇಕು. ಫಿಸಿಯೋಥೆರಪಿಯ ಸಭಾಂಗಣ ತೆರವು ಮಾಡಿ ಅಲ್ಲಿ ಮಂಚ ಹಾಕಬೇಕು. ಬಿದ್ದು ಬಂದವರಿಗೆಂದು ಹತ್ತು ಮಂಚ ಸದಾ ಖಾಲಿ ಇರಬೇಕು. ಫೋನ್ ಇಟ್ಟು ವೈಶಾಲಿಯ ಕಡೆ ತಿರುಗಿದರು.

"ಸರಿದವರಿಗೆ ಯಾರು ಫೋನ್ ಮಾಡ್ತಾರ?"

"ನಾ ಮಾಡ್ತೀನ್ರಿ."

"ಅರ್ಧ ನನಗ ಕೊಡು. ನಿಯಮ ನಂದು" ಎಂದರು ಇನಾಮದಾರರು.

ಮೊದಲ ಅಳತೆ ಹೆಚ್ಚಿದ್ದವರಿಂದ ಶುರು ಮಾಡಿದರು. ಗುರುಸಿದ್ಧವ್ವನ ಸರದಿ ಬಂದಾಗ ಕರೆ ಮಾಡಿದವರು ಇನಾಮದಾರರೇ. ಪ್ರಭು ಅಂದು ಮಧ್ಯಾಹ್ನವೇ ತಾಯಿಯನ್ನು ಕರೆತಂದ. ಕಿಡ್ನಿಯಿಂದ ಇಳಿದು ಬಂದ ಹರಳು ನಾಳದಲ್ಲಿ ಸಿಕ್ಕಿಕೊಂಡು ಮೂತ್ರ ಹಿಂದಕ್ಕೆ ಒತ್ತುತ್ತಿತ್ತು, ಇನ್ನೊಂದು ವಾರ ಬಿಟ್ಟಿದ್ದರೆ ಕಿಡ್ನಿಗೆ ಸೋಂಕಾಗುತ್ತಿತ್ತು ಎಂದರು ತಜ್ಞರು. ಮರುದಿನ ಹರಳು ತೆಗೆದರು. ಎಚ್ಚರಾದ ಮೇಲೆ ಗುರುಸಿದ್ಧವ್ವ ಸೊಸೆಯನ್ನು ಕೇಳಿದ ಮೊದಲ ಮಾತು, ಉಳಿದವರಿಗೆಲ್ಲ ಫೋನ್ ಮಾಡಿ ಆಯಿತೋ ಇಲ್ಲವೋ ಎಂದು. ಇನ್ನೂ ಅರ್ಧ ಜನ ಉಳಿದಿದ್ದಾರೆ ಎಂದಾಗ, "ಹಂಗಾರ ಇಲ್ಲಿ ಯಾಕ ಕುಂತೀ? ಹೋಗು" ಎಂದು ಅವಳನ್ನು ಎಬ್ಬಿಸಿ ಕಳಿಸಿದರು.

ಕರೆಗಳು ಮುಂದಿನ ವಾರದವರೆಗೆ ನಡೆದವು. ಕೆಲವರು ಬೈದರು. ಕೆಲವರು ನಂಬದೆ ಫೋನ್ ಇಟ್ಟರು, ಅವರಿಗೆ ಮತ್ತೆ ಮಾಡಬೇಕಾಯಿತು. ಕಲಘಟಗಿಯ ಡ್ರೈವರ್ ಲಾರಿ ನಿಲ್ಲಿಸಿ ದಾರಿಯಿಂದಲೇ ತಿರುಗಿ ಬಂದ. ಸಭಾಂಗಣದ ಮಂಚಗಳು ತುಂಬಿದವು. ಇನಾಮದಾರರು ಎರಡೂ ಚಿತ್ರಗಳನ್ನು ಬೆಂಗಳೂರಿಗೆ ಕಳಿಸಿ ಇನ್ನೂ ಅರವತ್ತು ಹಾಸಿಗೆ ಕೇಳಿದರು, ಮೊದಲ ಕಂತಿನಲ್ಲಿ ಇಪ್ಪತ್ತು ಬಂದವು. ವರದಿಯಲ್ಲಿ ಪೆಟ್ಟಿಗೆಯ ಜೊತೆ ಚುಕ್ಕಿಗಳೂ ಇರಬೇಕೆಂದು ರಾಜ್ಯದ ಎಲ್ಲ ನೋವು ಕೇಂದ್ರಗಳಿಗೆ ಆದೇಶವಾಯಿತು.

ಕೊನೆಯ ಕರೆ ನವಲಗುಂದದ ಹತ್ತಿರದ ಒಂದು ಹಳ್ಳಿಗೆ. ದ್ರಾಕ್ಷಾಯಣಿ ಎಂಬ ಇಪ್ಪತ್ತಾರರ ಹೆಣ್ಣುಮಗಳು. ಪ್ರತಿ ತಿಂಗಳು ಮುಟ್ಟಿನಲ್ಲಿ ಹೊಟ್ಟೆನೋವು. ಮೊದಲ ಅಳತೆ ನಲವತ್ತು. ಕಾರ್ಡಿಗೆ ಹೋದದ್ದು ಇಪ್ಪತ್ತೊಂಬತ್ತು.

"ನೋವು ಕೇಂದ್ರದಿಂದ ಮಾತಾಡಾಕತ್ತೀನ್ರಿ. ನಿಮ್ಮ ಅಳತಿ ನಾವು ತಪ್ಪು ಹಾಕಿದ್ವಿ. ನಿಮಗ ಖರೇನ ನಲವತ್ತಿತ್ತು. ಅವತ್ತ ನಿಮ್ಮನ್ನ ಅಡ್ಮಿಟ್ ಮಾಡ್ಕೋಬೇಕಿತ್ತು. ನಾಳೆ ಬರಾಕ ಆಗ್ತೈತೇನು?"

ಆ ಕಡೆಯಿಂದ ಪಾತ್ರೆಗಳ ಸದ್ದು, ಟಿ.ವಿ.ಯ ಸದ್ದು, ಯಾರೋ ಗಂಡಸು ನೀರು ಕೇಳುತ್ತಿದ್ದ ಸದ್ದು ಕೇಳಿಸಿತು.

"ದ್ರಾಕ್ಷಾಯಣಿ ಅವ್ರ, ಅದೀರೇನ್ರಿ?"

"ಅದೀನ್ರಿ." ಅವಳ ದನಿ ಬಹಳ ಸಣ್ಣದಾಗಿತ್ತು. "ಸ್ವಲ್ಪ ತಡೀರಿ ಮೇಡಂ." ಹೆಜ್ಜೆಯ ಸದ್ದು. ಟಿ.ವಿ. ಬಂದಾಯಿತು. ಯಾರೋ ಯಾಕೆಂದು ಕೇಳಿದರು. ಮತ್ತೆ ಮಾತಾಡಿದಾಗ ದನಿ ಹತ್ತಿರ ಬಂದಿತ್ತು, ತುಂಬಿಕೊಂಡಿತ್ತು.

"ಸ್ಪೀಕರ್ ಹಾಕೇನ್ರಿ. ನಮ್ಮನಿಯಾವ್ರು, ಅತ್ತಿ, ಮಾವ, ಎಲ್ಲಾರೂ ಇಲ್ಲೇ ಅದಾರ. ನೀವು ಈಗ ಹೇಳಿದ್ರೆಲ್ಲ, ಅದನ್ನ ಇನ್ನೊಮ್ಮೆ ಹೇಳ್ರಿ."

ವೈಶಾಲಿ ನೆಟ್ಟಗೆ ಕೂತು, ಒಂದೊಂದು ಶಬ್ದವನ್ನೂ ಬಿಡಿಸಿ, ಮೊದಲಿಗಿಂತ ಗಟ್ಟಿಯಾಗಿ ಹೇಳಿದಳು.